ಪಿಂಚಣಿ ಬಂತು, ಜೇನು ಪೆಟ್ಟಿಗೆಯೂ ಬಂತು

ನಿವೃತ್ತಿ ಹತ್ತಿರ ಬಂದಾಗ ಶಿರಸಿ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು, "ಅಕ್ಕೋರೇ, ಇನ್ನು ಎಂತ ಮಾಡ್ತ್ರಿ?" ಉತ್ತರವನ್ನೂ ಅವರೇ ಕೊಡುತ್ತಿದ್ದರು. ಯೋಗ ಮಾಡಿ, ಭಜನೆಗೆ ಹೋಗಿ, ಮಕ್ಕಳ ಮನೆಯಲ್ಲಿ ನಾಲ್ಕು ದಿನ ಇದ್ದು ಬನ್ನಿ. ಎಲ್ಲ ಮಾಡಿ ನೋಡಿದೆ. ಒಂದೂ ಕೆಟ್ಟದ್ದಲ್ಲ. ಆದರೆ ಎಲ್ಲವೂ ಇವತ್ತು ಆಗದಿದ್ದರೆ ನಾಳೆ ಮಾಡಿದರಾಯ್ತು ಎನ್ನುವ ಕೆಲಸಗಳೇ. ನಾಳೆಯೂ ಮಾಡದಿದ್ದರೆ ಕೇಳುವವರಿಲ್ಲ. ಶಾಲೆಯಲ್ಲಿ ಹಾಗಿರಲಿಲ್ಲ. ನನಗೆ ತಲೆನೋವಿರಲಿ, ಮಳೆ ಹೊಡೆಯುತ್ತಿರಲಿ, ಬೆಲ್ಲಾದ ಮೇಲೆ ಮಕ್ಕಳು ಬಂದು ಕೂತಿರುತ್ತಿದ್ದವು. ಮನೆಗೆ ಬಂದ ಮೇಲೆ ನನಗೆ ಕಮ್ಮಿಯಾಗಿದ್ದು ಅದೇ. ಹೊತ್ತು ಕಳೆಯುವುದೇನೂ ಕಷ್ಟವಲ್ಲ, ಅದಕ್ಕೆ ಟಿವಿ ಇದೆ, ಬೆಳಿಗ್ಗೆ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುವ ವಾಟ್ಸಾಪ್ ಗುಂಪುಗಳಿವೆ. ತಪ್ಪಿಸಿದರೆ ಕೆಡುವಂಥ ಒಂದು ಕೆಲಸ ನನಗೆ ಬೇಕಿತ್ತು.

ಜೇನು ಸಾಕಿದ್ದು ಹಾಗೆ. ನಮ್ಮದು ಹುಲೇಕಲ್ ರಸ್ತೆಯ ಕಡೆ ಮನೆ. ಹಿತ್ತಲು, ಅದರ ಕೆಳಗೆ ಸಣ್ಣ ಅಡಿಕೆ ತೋಟ, ಆಮೇಲೆ ಬೆಟ್ಟ. ಜೇನಿಗೆ ಇದಕ್ಕಿಂತ ಒಳ್ಳೆ ಜಾಗ ಬೇಡ. ಕಲಿಸಿದವನು ನನ್ನ ಹತ್ತಿರವೇ ನಾಲ್ಕನೇ ಕ್ಲಾಸು ಓದಿದ ಹುಡುಗ. ಹುಡುಗ ಅಂದೆ, ಈಗ ಅವನ ತಲೆಯೂ ನರೆತಿದೆ. "ತಮಾ, ಒಂದು ಪೆಟ್ಟಿಗೆ ತಂದುಕೊಡು" ಅಂದೆ. "ಒಂದು ಬೇಡ ಅಕ್ಕೋರೇ, ಎರಡು ಇಡಿ" ಅಂದ. ಒಂದರಲ್ಲಿ ರಾಣಿ ಹೋದರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿ, ಅಂದರೆ ಜೇನು ಕಟ್ಟಿದ ಮೇಣದ ತಟ್ಟಿ, ಕೊಡಬಹುದು. ಕೆಲಸದ ನೊಣಗಳು ಅದರಲ್ಲೇ ಹೊಸ ರಾಣಿ ಎಬ್ಬಿಸಿಕೊಳ್ಳುತ್ತವೆ. ಒಂದೇ ಇದ್ದರೆ ಅಲ್ಲಿಗೆ ಮುಗೀತು. ಹೊಸದಾಗಿ ಶುರು ಮಾಡುವವರಿಗೆ ನಾನೂ ಮೊದಲು ಇದನ್ನೇ ಹೇಳುತ್ತೇನೆ. ತೋಟಗಾರಿಕೆ ಇಲಾಖೆಯಲ್ಲಿ ಪೆಟ್ಟಿಗೆಗೆ ಸಹಾಯಧನ ಸಿಗುತ್ತದೆ, ಕೊಳ್ಳುವ ಮೊದಲು ಒಮ್ಮೆ ವಿಚಾರಿಸಿ.

ನಾನು ಸಾಕುವುದು ತುಡುವೆ ಜೇನು. ನಮ್ಮ ಕಾಡಿನದೇ ಜಾತಿ, ಮರದ ಪೊಟರೆ, ಹುತ್ತದಲ್ಲಿ ಕೂರುವಂಥದ್ದು. ಪೆಟ್ಟಿಗೆಯಲ್ಲಿ ಕೆಳಗೆ ಮರಿಗಳ ಕೋಣೆ, ಮೇಲೆ ಜೇನುತುಪ್ಪದ ಕೋಣೆ. ಪೆಟ್ಟಿಗೆ ಚಿಕ್ಕದು, ನನ್ನ ವಯಸ್ಸಿನವರೂ ಎತ್ತಿ ಇಡಬಹುದು. ಪೆಟ್ಟಿಗೆ ಕೂರಿಸಿದ ಕಂಬದ ಬುಡಕ್ಕೆ ನೀರಿನ ಬಟ್ಟಲು ಇಡಲೇಬೇಕು, ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಇರುವೆ ಹತ್ತುತ್ತವೆ. ಬೇಸಿಗೆಯಲ್ಲಿ ಆ ನೀರು ಆರುತ್ತದೆ. ಆದ್ದರಿಂದ ಬೆಳಗಿನ ಚಹಾ ಆದಮೇಲೆ ನನ್ನ ಮೊದಲ ಕೆಲಸ ಬಟ್ಟಲು ನೋಡುವುದು.

ವರ್ಷದ ಲೆಕ್ಕವನ್ನು ಜೇನೇ ಹಾಕಿಕೊಡುತ್ತದೆ. ಜೂನ್‌ನಲ್ಲಿ ಮಳೆ ಕಟ್ಟಿಕೊಂಡರೆ ನೊಣಗಳು ಹೊರಗೆ ಹೋಗುವ ಹಾಗಿಲ್ಲ, ಹೋದರೂ ಹೂವಿಲ್ಲ. ಆಗ ಸಕ್ಕರೆ ಪಾಕ ಕೊಡಬೇಕು. ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು, ಕಾಯಿಸಿ ಆರಿಸಿದ್ದು. ಕೊಡುವುದು ಸಂಜೆ ಮೇಲೆಯೇ, ಅದೂ ಎಲ್ಲ ಪೆಟ್ಟಿಗೆಗೂ ಒಟ್ಟಿಗೆ. ಹಗಲು ಕೊಟ್ಟರೆ ವಾಸನೆಗೆ ಪಕ್ಕದ ಪೆಟ್ಟಿಗೆಯ ಜೇನು ಕುಟುಂಬದವು ಲೂಟಿಗೆ ಬರುತ್ತವೆ, ದೊಡ್ಡ ಜಗಳವೇ ಆಗುತ್ತದೆ. ನೊಣ ಕಮ್ಮಿಯಾಗಿ ಎರಿ ಖಾಲಿ ಬಿದ್ದರೆ ಮೇಣದ ಹುಳು ಹಿಡಿಯುತ್ತದೆ. ಅಂಥ ಎರಿಯನ್ನು ತೆಗೆದುಬಿಡಬೇಕು, ತಳದ ಹಲಗೆಯ ಕಸ ಗುಡಿಸಬೇಕು. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲಿಗೆ ಹೋಗುವಾಗ ನಮ್ಮನೆಯವರು ಜಗುಲಿಯಲ್ಲಿ ಕೂತು, "ಶಾಲೆಗೆ ಹೊರಟೆಯಾ?" ಅನ್ನುತ್ತಾರೆ.

ದೀಪಾವಳಿ ಕಳೆದ ಮೇಲೆ ನೋಡಬೇಕು ನೀವು! ಕುಟುಂಬ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತದೆ. ಎರಿಯ ಅಂಚಿನಲ್ಲಿ ಗಂಡು ನೊಣದ ಕಣಗಳು, ಅಂದರೆ ಗಂಡು ಮರಿ ಬೆಳೆಯುವ ಪುಟ್ಟ ಗೂಡುಗಳು, ಕಾಣಿಸುತ್ತವೆ. ಅವುಗಳ ಮುಚ್ಚಳ ಚೂಪಾದ ಟೋಪಿಯ ಹಾಗೆ ಎದ್ದು, ನಡುವೆ ಸೂಜಿ ಚುಚ್ಚಿದಂಥ ತೂತು ಇರುತ್ತದೆ. ಕನ್ನಡಕ ಹಾಕಿ ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವ ತೂತು. ಅದು ಕಂಡಿತೆಂದರೆ ಮುಂದೆ ರಾಣಿ ಕಣ ಬರುತ್ತದೆ ಎಂದು ಲೆಕ್ಕ. ರಾಣಿ ಕಣ ಎರಿಯ ಕೆಳಗಿನ ಅಂಚಿಗೆ ನೇತಾಡುತ್ತಿರುತ್ತದೆ, ಬೆರಳ ತುದಿಯಷ್ಟು ಉದ್ದ. ಮೊಟ್ಟೆಯಿಟ್ಟ ದಿನದಿಂದ ಹೊಸ ರಾಣಿ ಹೊರಬರಲು ಸುಮಾರು 15-16 ದಿನ. ಹೊರಬರುವ ಹೊತ್ತು ಹತ್ತಿರವಾದಾಗ ಕೆಲಸದ ನೊಣಗಳು ಕಣದ ತುದಿಯ ಮೇಣವನ್ನು ಕೆರೆದು ತೆಗೆಯುತ್ತವೆ, ಒಳಗಿನ ಕಂದು ಪೊರೆ ಕಾಣುತ್ತದೆ. ಆದರೆ ಹಳೆಯ ರಾಣಿ ಅಲ್ಲಿಯ ತನಕ ಕಾಯುವುದಿಲ್ಲ. ಕಣಕ್ಕೆ ಮುಚ್ಚಳ ಬೀಳುವ ಹೊತ್ತಿಗೇ ಅರ್ಧ ಸಂಸಾರ ಕಟ್ಟಿಕೊಂಡು ಹಾರಲು ನೋಡುತ್ತಾಳೆ.

ಅಷ್ಟರೊಳಗೆ ನಾವು ಕುಟುಂಬ ಪಾಲು ಮಾಡಬೇಕು, ಅಂದರೆ ಒಂದನ್ನು ಎರಡು ಪೆಟ್ಟಿಗೆಗೆ ಹಂಚಬೇಕು. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆ ಬಿಚ್ಚಲೇಬೇಕು. ಮದುವೆಯಿರಲಿ, ಉಪನಯನವಿರಲಿ, ಬಿಸಿಲೇರಿದ ಮೇಲೆ ಅರ್ಧ ಗಂಟೆ ನನ್ನದು. ತೆಂಗಿನ ನಾರಿನ ಹೊಗೆ ಎರಡು ಸಲ ಊದಿ, ಮುಚ್ಚಳ ತೆಗೆದು, ಒಂದೊಂದೇ ಚೌಕಟ್ಟು ಎತ್ತಿ ನೋಡುವುದು. ಅವಸರ ಮಾಡಿದರೆ ಕಚ್ಚುತ್ತವೆ. ಮೊದಲು ಗಡಿಬಿಡಿಯ ಹೆಂಗಸು ಅಂತಲೇ ನನಗೆ ಹೆಸರಿತ್ತು, ಈಗ ನಿಧಾನ ತಾನಾಗಿ ಬಂದಿದೆ.

ಬೇಸಿಗೆ ತುಪ್ಪದ ಕಾಲ. ನೇರಳೆಯಂಥ ಮರಗಳೆಲ್ಲ ಹೂ ಬಿಡುತ್ತವೆ. ಮೇಣದ ಮುಚ್ಚಳ ಬಿದ್ದ ಎರಿಯನ್ನಷ್ಟೇ ತೆಗೆಯಬೇಕು. ಮುಚ್ಚದ ಎರಿಯ ತುಪ್ಪದಲ್ಲಿ ನೀರಿನಂಶ ಜಾಸ್ತಿ, ಬಾಟಲಿಯಲ್ಲಿ ನೊರೆ ಬಂದು ಹುಳಿಯಾಗುತ್ತದೆ. ಕೆಳಗಿನ ಕೋಣೆಯ ತುಪ್ಪ ನೊಣಗಳದ್ದು, ಅದಕ್ಕೆ ಕೈ ಹಾಕುವುದಿಲ್ಲ. ಒಳ್ಳೆ ವರ್ಷದಲ್ಲಿ ಪೆಟ್ಟಿಗೆಗೆ 5ರಿಂದ 10 ಕಿಲೋ ಸಿಗಬಹುದು. ಮಾರುವ ತಾಪತ್ರಯ ಇಲ್ಲ, ಬೇಕಾದವರು ಬಾಟಲಿ ಹಿಡಿದು ಮನೆಗೇ ಬರುತ್ತಾರೆ. ಇದರಿಂದ ದುಡ್ಡು ಮಾಡಿ ಮನೆ ಕಟ್ಟುತ್ತೇನೆ ಅಂತ ಬರುವವರಿಗೆ ನಾನು ಪ್ರೋತ್ಸಾಹ ಕೊಡುವುದಿಲ್ಲ. ನನಗೆ ಪಿಂಚಣಿ ಇದೆ, ತುಪ್ಪದ ದುಡ್ಡು ಸಕ್ಕರೆಗೆ, ಹೊಸ ಪೆಟ್ಟಿಗೆಗೆ ಸರಿಹೋಗುತ್ತದೆ.

ಎಲ್ಲ ವರ್ಷವೂ ಒಳ್ಳೆ ವರ್ಷವಲ್ಲ. ಥಾಯ್ ಸ್ಯಾಕ್‌ಬ್ರೂಡ್ ಎನ್ನುವ ವೈರಸ್ ರೋಗವಿದೆ. 1991-92ರ ಹೊತ್ತಿಗೆ ಅದು ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಮುಗಿಸಿತು. ಹಿಂದೆ ಸಾಲಾಗಿ ಪೆಟ್ಟಿಗೆ ಇಟ್ಟಿದ್ದವರ ಅಟ್ಟದ ಮೇಲೆ ಆಮೇಲೆ ಬರೀ ಖಾಲಿ ಪೆಟ್ಟಿಗೆ ಉಳಿದವು. ರೋಗ ಈಗಲೂ ಬರುತ್ತದೆ. ಮರಿ ಕಣದೊಳಗೆ ತಲೆ ಮೇಲೆ ಮಾಡಿ ಸೆಟೆದು ಸಾಯುತ್ತದೆ, ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಔಷಧಿ ಇಲ್ಲ. ನನ್ನ ಪೆಟ್ಟಿಗೆಗೂ ಒಂದು ವರ್ಷ ತಗುಲಿತು, ಉಳಿದಿದ್ದು ಗಟ್ಟಿ ಇದ್ದ ಒಂದು ಕುಟುಂಬ ಮಾತ್ರ. ತುಂಬ ಬೇಜಾರಾಯಿತು. ಆದರೆ ಬೇಜಾರು ಮಾಡಿಕೊಂಡು ಕೂರುವುದಕ್ಕೂ ಬಿಡುವಿರಲಿಲ್ಲ. ಆ ಒಂದನ್ನು ಉಳಿಸಿಕೊಂಡು ಮತ್ತೆ ಪಾಲು ಮಾಡಬೇಕಿತ್ತಲ್ಲ.

ಜೇನಿನ ದೆಸೆಯಿಂದ ಜನರ ಸಂಪರ್ಕವೂ ಬೆಳೆಯಿತು. ಇದನ್ನು ನಾನು ಎಣಿಸಿರಲಿಲ್ಲ. "ಅಕ್ಕೋರೇ, ನಮ್ಮ ಕೊಟ್ಟಿಗೆ ಮಾಡಿಗೆ ಜೇನು ಕೂತಿದೆ, ಬನ್ನಿ" ಅಂತ ಫೋನು ಬರುತ್ತದೆ. ಹೋಗಿ ನೋಡಿದರೆ ಕೆಲವು ಸಲ ಹೆಜ್ಜೇನು. ಅದರ ಸಹವಾಸ ಬೇಡ ಎಂದು ಹೇಳಿ, ಅವರ ಮನೆಯ ಕಷಾಯ ಕುಡಿದು ಬರುವುದು. ಹಳೆಯ ಶಾಲೆಯ ಮಕ್ಕಳು ಹೊರಸಂಚಾರ ಅಂತ ನಮ್ಮ ಹಿತ್ತಲಿಗೆ ಬರುತ್ತಾರೆ. ರಾಣಿಯನ್ನು ಮೊದಲು ಯಾರು ಹುಡುಕುತ್ತೀರಿ ಅಂದರೆ ಸಾಕು, ಒಂದು ಮಾತಿಲ್ಲ, ಎಲ್ಲರ ಕಣ್ಣೂ ಎರಿಯ ಮೇಲೆ. ಮೂವತ್ತು ವರ್ಷ "ಸುಮ್ನಿರಿ" ಅಂತ ಕೂಗಿದವಳಿಗೆ ಈ ಉಪಾಯ ಆಗಲೇ ಹೊಳೆಯಬಾರದಿತ್ತಾ!

ಜೇನು ಎಲ್ಲರಿಗೂ ಹೇಳಿಸಿದ್ದಲ್ಲ. ಕಚ್ಚಿದರೆ ಊದುವುದು, ಉರಿಯುವುದು ಮಾಮೂಲು. ಆದರೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಂಥವರು ಮತ್ತೆ ಪೆಟ್ಟಿಗೆಯ ಹತ್ತಿರ ಹೋಗುವುದು ಬೇಡ. ಮಿಸರಿ ಜೇನು ಇಡಬಹುದು, ಅದಕ್ಕೆ ಕಚ್ಚುವ ಮುಳ್ಳೇ ಇಲ್ಲ. ತುಪ್ಪ ಸ್ವಲ್ಪವೇ ಸಿಗುತ್ತದೆ, ಹುಳಿ ಮಿಶ್ರಿತ ರುಚಿ. ನಮ್ಮನೆಯವರು ಈಗ ಜಗುಲಿಯ ಗೋಡೆಗೆ ಅಂಥದ್ದೊಂದು ಕೂರಿಸಿಕೊಂಡಿದ್ದಾರೆ. ಅದರ ಹತ್ತಿರ ನಾನು ಹೋಗುವ ಹಾಗಿಲ್ಲ, ಅದು ಅವರ ಖಾತೆ.