ಬಲವಂತದ ನಾಪತ್ತೆ: ಕುಟುಂಬದವರು ಕಡತ ಕಟ್ಟುವ ಬಗೆ

ಸರ್ಕಾರದ ಸಿಬ್ಬಂದಿಯೋ ಸರ್ಕಾರದ ಸಮ್ಮತಿ, ಬೆಂಬಲ ಪಡೆದವರೋ ಒಬ್ಬ ವ್ಯಕ್ತಿಯನ್ನು ಹಿಡಿದೊಯ್ದು, ಬಳಿಕ ಹಿಡಿದದ್ದನ್ನೇ ಅಲ್ಲಗಳೆದರೆ ಅಥವಾ ಆ ವ್ಯಕ್ತಿ ಏನಾದರು, ಎಲ್ಲಿದ್ದಾರೆ ಎಂಬುದನ್ನು ಮುಚ್ಚಿಟ್ಟರೆ ಅದು ಬಲವಂತದ ನಾಪತ್ತೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 2010ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಖ್ಯೆಯ ತಿರುಳು ಇದು. ಈ ವ್ಯಾಖ್ಯೆಯಲ್ಲಿ ನಿರಾಕರಣೆಯೂ ಅಪರಾಧದ ಒಂದು ಅಂಗ. ಹಾಗಾಗಿ ಠಾಣೆಯಲ್ಲೋ ಸೇನಾ ಶಿಬಿರದಲ್ಲೋ ‘ಅಂಥವರು ಯಾರೂ ಇಲ್ಲಿಲ್ಲ’ ಎಂದು ವಾಪಸು ಕಳುಹಿಸಿದರೆ ಆ ಅಲೆದಾಟ ವ್ಯರ್ಥವಾಯಿತೆಂದು ತಿಳಿಯಬೇಡಿ; ಆ ಉತ್ತರವನ್ನು ದಾಖಲೆಗೆ ತನ್ನಿ.

ಮೊದಲ ದಿನವೇ ಬರೆಯಲು ಕೂರಿ. ಕರೆದೊಯ್ದ ದಿನ, ಗಂಟೆ, ಸ್ಥಳ. ಬಂದವರ ಸಮವಸ್ತ್ರ, ಆಡಿದ ಭಾಷೆ, ವಾಹನದ ಸಂಖ್ಯೆ. ಕಾಣೆಯಾದವರು ಧರಿಸಿದ್ದ ಬಟ್ಟೆ, ಹಲ್ಲಿನ ಚಿಕಿತ್ಸೆ, ಹಳೆಯ ಮೂಳೆಮುರಿತ, ದೇಹದ ಗುರುತುಗಳು, ಇವೆಲ್ಲವೂ ಬೇಕು. ಕಣ್ಣಾರೆ ಕಂಡದ್ದನ್ನೂ ಇತರರಿಂದ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ, ಊಹೆಯನ್ನು ಊಹೆಯೆಂದೇ ನಮೂದಿಸಿ. ಸಾಕ್ಷಿಗಳ ಹೆಸರು, ವಿಳಾಸಗಳನ್ನು ಹೇಳಿಕೆಯ ಜೊತೆಯಲ್ಲಿಡದೆ ಪ್ರತ್ಯೇಕವಾಗಿ ಕಾಪಾಡಿ, ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬೇಡಿ. ಇನ್ನೊಬ್ಬ ತಾಯಿಯ ಮಗನನ್ನು ಅಪಾಯಕ್ಕೆ ಒಡ್ಡುವ ಹಕ್ಕು ನಮಗೆ ಯಾರಿಗೂ ಇಲ್ಲ. ಇಡೀ ಕಡತದ ಒಂದು ಪ್ರತಿ ಮನೆಯಿಂದ ದೂರದಲ್ಲಿರುವ ನಂಬಿಕಸ್ಥರ ಬಳಿ ಇರಲಿ.

ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಅಥವಾ ಹಿಂಬರಹ ಕೇಳಿ. ಕೊಡದಿದ್ದರೆ ಅದೇ ದೂರನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಯಾವ ದಿನ ಯಾವ ಹುದ್ದೆಯವರು ಏನು ಹೇಳಿ ನಿರಾಕರಿಸಿದರು ಎಂಬುದನ್ನು ಬರೆದಿಡಿ. ಜೊತೆಗೇ ವಕೀಲರ ಮೂಲಕ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ಕೋರುವ ಅರ್ಜಿ, ಸಲ್ಲಿಸಿ. ಅರ್ಜಿ ವಜಾ ಆಗುತ್ತದೆ ಎಂದು ಖಚಿತವಾಗಿ ತಿಳಿದಿದ್ದರೂ ಸಲ್ಲಿಸಬೇಕು ಎಂಬುದೇ ನನ್ನ ದೃಢ ಅಭಿಪ್ರಾಯ. ಚಿಲಿಯಲ್ಲಿ ಪಿನೊಚೆಯ ಸರ್ವಾಧಿಕಾರದ ಕಾಲದಲ್ಲಿ ಕ್ಯಾಥೊಲಿಕ್ ಚರ್ಚಿನ ಮಾನವ ಹಕ್ಕುಗಳ ಕಚೇರಿ ನೆರವಾಗಿದ್ದ ಇಂಥ ಅರ್ಜಿಗಳನ್ನು ನ್ಯಾಯಾಲಯಗಳು ಬಹುಪಾಲು ತಳ್ಳಿಹಾಕಿದವು. ಆದರೆ 1990ರಲ್ಲಿ ಸತ್ಯಶೋಧನಾ ಆಯೋಗ ರಚನೆಯಾದಾಗ, ಆ ಕಚೇರಿ ಜೋಪಾನ ಮಾಡಿದ್ದ ಕಡತಗಳೇ ಅದರ ಕೆಲಸಕ್ಕೆ ಆಧಾರವಾದವು. 1988ರಲ್ಲಿ ಹೊಂಡುರಾಸ್ ವಿರುದ್ಧದ ವೆಲಾಸ್ಕೆಸ್ ರೊಡ್ರಿಗೆಸ್ ಪ್ರಕರಣದಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯವು, ಸುಳಿವೇ ಉಳಿಯದಂತೆ ನಡೆಸುವ ಇಂಥ ಕೃತ್ಯಗಳಲ್ಲಿ ಸಾಂದರ್ಭಿಕ ಸಾಕ್ಷ್ಯಕ್ಕೆ (ನೇರ ಪುರಾವೆಯಲ್ಲದ, ಸಂದರ್ಭಗಳಿಂದ ತಿಳಿಯುವ ಸಾಕ್ಷ್ಯಕ್ಕೆ) ವಿಶೇಷ ಮಹತ್ವವಿದೆ ಎಂದು ಹೇಳಿ, ಸರ್ಕಾರವನ್ನೇ ಹೊಣೆ ಮಾಡಿತು.

ದೇಶದೊಳಗೆ ಬಾಗಿಲು ಮುಚ್ಚಿದರೆ ವಿಶ್ವಸಂಸ್ಥೆಯಲ್ಲಿ ಎರಡು ದಾರಿಗಳಿವೆ. ಒಂದು, 1980ರಲ್ಲಿ ಸ್ಥಾಪನೆಯಾದ, ಬಲವಂತದ ನಾಪತ್ತೆಗಳ ಕುರಿತ ಕಾರ್ಯಪಡೆ. ಅದು ಮೇಲೆ ಹೇಳಿದ ಒಪ್ಪಂದಕ್ಕೆ ಸೇರದ ದೇಶಗಳ ಪ್ರಕರಣಗಳನ್ನೂ ಸ್ವೀಕರಿಸುತ್ತದೆ. ಕಾಣೆಯಾದವರ ಪೂರ್ಣ ಹೆಸರು, ದಿನಾಂಕ, ಸ್ಥಳ, ಹೊಣೆಗಾರರೆಂದು ನಂಬಲಾದವರು, ಈವರೆಗೆ ಹುಡುಕಲು ಮಾಡಿದ ಪ್ರಯತ್ನ, ಇಷ್ಟನ್ನು ಅದಕ್ಕೆ ತಿಳಿಸಬೇಕು. ಕುಟುಂಬದ ಪರವಾಗಿ ಬೇರೆಯವರು ಬರೆಯುವುದಾದರೆ ಕುಟುಂಬದ ಒಪ್ಪಿಗೆ ಇರಬೇಕು. ಘಟನೆ ನಡೆದು ಮೂರು ತಿಂಗಳಾಗುವ ಮುನ್ನ ಬರೆದರೆ ತುರ್ತು ಕ್ರಮದಡಿ ಪರಿಗಣಿಸುತ್ತಾರೆ. ಅದು ಯಾರನ್ನೂ ಶಿಕ್ಷಿಸುವುದಿಲ್ಲ, ಸರ್ಕಾರದಿಂದ ಉತ್ತರ ಕೇಳುತ್ತದೆ. ಇನ್ನೊಂದು, ಒಪ್ಪಂದದಡಿಯ ಸಮಿತಿ. ಸದಸ್ಯ ದೇಶಗಳ ವಿಷಯದಲ್ಲಿ ಮಾತ್ರ ಅದರ ತುರ್ತು ಕ್ರಮವನ್ನು ಕೋರಬಹುದು. ಅದೇ ಪ್ರಕರಣ ಅದೇ ಬಗೆಯ ಬೇರೊಂದು ಅಂತರರಾಷ್ಟ್ರೀಯ ಪ್ರಕ್ರಿಯೆಯಲ್ಲಿ ಇರಬಾರದೆಂಬ ನಿಯಮ ಇರುವುದರಿಂದ, ಬರೆಯುವ ಮೊದಲೇ ಒಂದು ದಾರಿಯನ್ನು ಆರಿಸಿಕೊಳ್ಳಿ.

ವರ್ಷಗಳು ಕಳೆದುಹೋಗಿವೆ ಎಂದು ಕೈಬಿಡಬೇಡಿ. 1992ರ ವಿಶ್ವಸಂಸ್ಥೆಯ ಘೋಷಣೆಯ ಪ್ರಕಾರ ಸತ್ಯವನ್ನು ಮುಚ್ಚಿಟ್ಟಿರುವವರೆಗೂ ಇದು ಮುಂದುವರಿಯುತ್ತಲೇ ಇರುವ ಅಪರಾಧ. ಚಿಲಿಯ ನ್ಯಾಯಾಲಯಗಳು ಇದೇ ಬಗೆಯ ತರ್ಕದಿಂದ, ಅಲ್ಲಿಯವರೆಗಿನ ಅಪರಾಧಗಳನ್ನು ಮನ್ನಿಸಿದ್ದ 1978ರ ಕ್ಷಮಾದಾನ ಕಾನೂನನ್ನು ದಾಟಿ ವಿಚಾರಣೆ ನಡೆಸಿದವು. ಆಸ್ತಿ, ಪಿಂಚಣಿ, ಮಕ್ಕಳ ಪಾಲನೆಯಂಥ ವಿಷಯಗಳಿಗಾಗಿ ಮರಣ ಪತ್ರಕ್ಕೆ ಸಹಿ ಮಾಡುವಂತೆ ಒತ್ತಡ ಬಂದರೆ, ಸತ್ತರೆಂದು ಘೋಷಿಸದೆಯೇ ಗೈರುಹಾಜರಿಯ ಪ್ರಮಾಣಪತ್ರ ಕೊಡುವ ಅವಕಾಶ ನಿಮ್ಮ ಕಾನೂನಿನಲ್ಲಿ ಇದೆಯೇ ಎಂದು ವಕೀಲರನ್ನು ಮೊದಲು ಕೇಳಿ. ಅರ್ಜೆಂಟೀನಾ, ಶ್ರೀಲಂಕಾಗಳಲ್ಲಿ ಅಂಥ ಏರ್ಪಾಡು ಇದೆ.

ಸಾಮೂಹಿಕ ಸಮಾಧಿ ಸಿಕ್ಕಿದೆ ಎಂಬ ಸುದ್ದಿ ಬಂದರೆ ಅಗೆಯಲು ಹೋಗಬೇಡಿ, ಯಂತ್ರ ತಂದು ಅಗೆಯುವವರನ್ನೂ ತಡೆಯಿರಿ. ಅರ್ಜೆಂಟೀನಾದಲ್ಲಿ ಪ್ರಜಾಪ್ರಭುತ್ವ ಮರಳಿದ ಹೊಸತರಲ್ಲಿ ಬುಲ್ಡೋಜರ್‌ಗಳಿಂದ ಅಗೆದು ಮೂಳೆಗಳು ಒಂದರೊಡನೊಂದು ಬೆರೆತು, ಗುರುತಿನ ಜೊತೆಗೆ ಸಾಕ್ಷ್ಯವೂ ನಾಶವಾಯಿತು. 1984ರಲ್ಲಿ, ಮೂಳೆಗಳನ್ನು ಪರೀಕ್ಷಿಸಿ ಗುರುತು ಹಚ್ಚುವ ವಿಧಿವಿಜ್ಞಾನ ಮಾನವಶಾಸ್ತ್ರಜ್ಞ ಕ್ಲೈಡ್ ಸ್ನೋ ಅಲ್ಲಿಗೆ ಹೋಗಿ ತರುಣರ ತಂಡವೊಂದಕ್ಕೆ ತರಬೇತಿ ಕೊಟ್ಟ ಮೇಲೆಯೇ ಕೆಲಸ ಕ್ರಮಬದ್ಧವಾಯಿತು. ಸ್ವತಂತ್ರ ತಜ್ಞರು ಬರಲಿ, ಕುಟುಂಬದ ಪ್ರತಿನಿಧಿ ಸ್ಥಳದಲ್ಲಿರಲಿ ಎಂದು ಲಿಖಿತವಾಗಿ ಒತ್ತಾಯಿಸಿ. ಗುರುತು ಹಚ್ಚಲು ತಂದೆತಾಯಿಯರ ಡಿಎನ್‌ಎ ಬಹಳ ಮುಖ್ಯ, ಮತ್ತು ಹುಡುಕಾಟ ಅವರ ಆಯಸ್ಸಿಗಿಂತ ದೀರ್ಘವಾಗಬಹುದು. ಆದ್ದರಿಂದ ನಂಬಿಕೆಗೆ ಅರ್ಹವಾದ ಸಂಸ್ಥೆಯಲ್ಲಿ, ಮಾದರಿಯ ಬಳಕೆಯ ಷರತ್ತುಗಳನ್ನು ಬರಹದಲ್ಲಿ ಪಡೆದು, ಹಿರಿಯರ ಮಾದರಿಗಳನ್ನು ಮೊದಲು ಕೊಡಿಸಿ.