45 ಸಾವಿರದೊಳಗೆ ಬೈಕು, ರಿಪೇರಿ, ಹೆಲ್ಮೆಟ್ಟು ಎಲ್ಲಾ: ನನ್ನ ಅನುಭವ

ಎರಡು ಮಳೆಗಾಲ ಕಳೆದವು. ಚಿಕ್ಕಮಗಳೂರು ಕಡೆಯ ಆಲ್ದೂರಿನಾಚೆ ತೋಟದ ಆಫೀಸಿಗೆ ದಿನಾ ಹೋಗಿ ಬರುತ್ತಿರುವುದು ಸೆಕೆಂಡ್ ಹ್ಯಾಂಡ್ ಕೊಂಡ ಹಳೇ ಸ್ಪ್ಲೆಂಡರ್ ಪ್ಲಸ್ ಬೈಕಿನಲ್ಲಿ. "ಹೆಂಗಸ್ರಿಗೆ ಸ್ಕೂಟಿ ಸಾಕು ಮಾರಾಯ್ತಿ" ಎಂದವರು, ಹಳೇದು ತಗೊಂಡರೆ ಗ್ಯಾರೇಜಿನವರನ್ನೇ ಸಾಕಬೇಕಾಗುತ್ತೆ ಎಂದವರು, ಲೋನ್ ಹಾಕಿ ಬುಲೆಟ್ಟೇ ತಗೊಳ್ಳಿ ಅತ್ತಿಗೆ ಎಂದ ಮೈದುನ, ಎಲ್ಲರೂ ಈಗ ಸುಮ್ಮನಾಗಿದ್ದಾರೆ. ಇನ್ನು ಲೆಕ್ಕ ಬರೆಯಬಹುದು.

ಸ್ಕೂಟಿ ಬೇಡ ಅಂದದ್ದು ಚಕ್ರದ ಕಾರಣಕ್ಕೆ. ಮೊದಲಿದ್ದ ಸ್ಕೂಟಿಯದು 10 ಇಂಚಿನ ಚಕ್ರ. ತೋಟದ ರಸ್ತೆಯಲ್ಲಿ ಮಳೆನೀರು ಕೊರೆದ ಗುಂಡಿಗೆ ಮುಂದಿನ ಚಕ್ರ ಇಳಿಯಿತೋ, ಇಳಿದು ತಳ್ಳಬೇಕು. ಬೈಕಿನ 18 ಇಂಚಿನದು ಅದೇ ಗುಂಡಿಯನ್ನು ಲೆಕ್ಕಕ್ಕೇ ಇಡಲ್ಲ. ಗೇರಿಲ್ಲದ ಲೈಸೆನ್ಸ್ ಇತ್ತು, ಗೇರ್ ಗಾಡಿಗೆ ಮತ್ತೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಕಾದು, ಎಂಟು ಹಾಕಿ ತೋರಿಸಿದೆ.

ಚೀಟಿ ಎತ್ತಿದ ದುಡ್ಡು 45 ಸಾವಿರ. ಅದರಲ್ಲಿ ಬೈಕಿಗೆ 33 ಸಾವಿರದ ಮೇಲೆ ಒಂದು ರೂಪಾಯಿಯೂ ಇಲ್ಲ ಅಂತ ಮೊದಲೇ ಗಂಟು ಹಾಕಿಬಿಟ್ಟಿದ್ದೆ. ನಮ್ಮ ಕಡೆ ಹೊಸಬರು ಕೆಡುವುದೇ ಇಲ್ಲಿ. ಇದ್ದಬದ್ದದ್ದೆಲ್ಲ ಬೈಕಿಗೆ ಸುರಿದು, ಆಮೇಲೆ ಬೋಳು ಟೈರು, ರಸ್ತೆ ಬದಿಯ ಹೆಲ್ಮೆಟ್ಟಿನಲ್ಲಿ ಚಾರ್ಮಾಡಿ ಇಳಿಯಲು ಹೊರಡುತ್ತಾರೆ.

ಯಾವ ಬೈಕು ಅನ್ನುವುದನ್ನು ತೀರ್ಮಾನಿಸಿದ್ದು ಕಾಫಿ ಕಣದಲ್ಲಿ. ಜೂನ್‌ನಲ್ಲಿ ಕಣ ಖಾಲಿ ಇರುತ್ತೆ. ಪೆಟ್ರೋಲ್ ಬರುವ ನಲ್ಲಿಯನ್ನು ಬಂದ್ ಮಾಡಿ, ಗೋಣಿಚೀಲದ ರಾಶಿಯ ಮೇಲೆ ತೋಟದ ಲೆಕ್ಕ ಬರೆಯುವ ನಮ್ಮ ರೈಟ್ರ ಸ್ಪ್ಲೆಂಡರನ್ನು ಮಲಗಿಸಿದೆ. ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಗ್ರಾಬ್ ರೈಲ್ ಹಿಡಿದು ಕಾಲಲ್ಲೇ ಒತ್ತಿ ಎದ್ದೆ. ಬಂತು. ಅದು 110 ಕೆಜಿ ಆಸುಪಾಸು. ಪಲ್ಸರ್ 150 ಬೈಕು ಹತ್ತಿರತ್ತಿರ 145 ಕೆಜಿ, ಅರ್ಧಕ್ಕೆ ಬಂದು ನಿಂತಿತು. ಮೈದುನನ ಸ್ನೇಹಿತನ ಬುಲೆಟ್ 190 ಚಿಲ್ಲರೆ, ಅದು ಅಲ್ಲಾಡಲೂ ಇಲ್ಲ. ರೈಟ್ರು ನಗುತ್ತಾ ನಿಂತಿದ್ದರು. ಸಂಜೆ ಆರೂವರೆಗೆ ಒಬ್ಬಳೇ ಕೆಸರಲ್ಲಿ ಬಿದ್ದರೆ ಎತ್ತಲು ಆಗುವ ಬೈಕೇ ನನ್ನ ಬೈಕು, ಮುಗಿಯಿತು.

ಇನ್ನೆರಡು ಷರತ್ತು. ಸೆಲ್ಫ್ ಇರಬೇಕು, ಏರಿನಲ್ಲಿ ಆಫ್ ಆದರೆ ಬ್ರೇಕ್ ಹಿಡಿದುಕೊಂಡು ಕಿಕ್ ಹೊಡೆಯೋದು ಕಲಿಯುವವರ ಕೈಲಾಗುವ ಕೆಲಸವಲ್ಲ. ಕಾರ್ಬುರೇಟರ್ ಇರಬೇಕು. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ನಿಯಮ ಬಿಎಸ್6 ಬಂದ ಮೇಲೆ ಹೆಚ್ಚಿನವು ಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್. ಅದು ಒಳ್ಳೆಯದೇ, ಆದರೆ ನನ್ನ ದಾರಿಯ ಗ್ಯಾರೇಜಿನಲ್ಲಿ ಸ್ಕ್ಯಾನರ್ ಇಲ್ಲ, ಸ್ಪ್ಯಾನರ್ ಇದೆ.

ಹುಡುಕಾಟ ಸುಮಾರು ಎರಡು ತಿಂಗಳು ಎಳೆಯಿತು. ಹಾಸನದ ಕೆಎ-13 ಡಿಸ್ಕವರ್ ಒಂದು ಕಣ್ಣಿಗೆ ಹೊಡೆಯುವಂತಿತ್ತು, ಹೊಸ ಸೀಟ್ ಕವರ್, ಹೊಸ ಸ್ಟಿಕ್ಕರ್. ಬಿ.ಎಂ. ರಸ್ತೆಯಲ್ಲಿ ಬಸ್ಸಿಳಿದು ಹೋಗಿ ಎಂಜಿನ್ ಮುಟ್ಟಿದರೆ ಸುಡುತ್ತಿದೆ. ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ! "ಟೀ ಕುಡ್ಕೊಂಡು ಬರ್ತೀನಿ ಅಣ್ಣ, ತಣ್ಣಗಾಗ್ಲಿ" ಎಂದೆ. "ಬೇರೆ ಪಾರ್ಟಿ ಇದಾರೆ ಮೇಡಂ" ಅಂತ ಶುರು ಮಾಡಿದರು. ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ (ಎಂಜಿನ್ ಆಯಿಲ್ ಸುಡುವ ಗುರುತು) ಬರುತ್ತೆ ಅಂತ ಅವರಿಗೂ ಗೊತ್ತಿತ್ತು. ಬಸ್ ಚಾರ್ಜ್, ಒಂದು ದಿನದ ರಜೆ ಹೋಯಿತು.

ಮಂಗಳೂರಿನ ಕೆಎ-19 ಪ್ಯಾಶನ್ ಒಂದು ಕಡಿಮೆಗೇ ಸಿಗುತ್ತಿತ್ತು. ಸೈಡ್ ಪ್ಯಾನಲ್ ಬಿಚ್ಚಿಸಿದೆ, ಚಾಸಿಗೆ ಕರಾವಳಿಯ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಕಡೂರಿನದೊಂದು ಬೈಕು ಎಲ್ಲಾ ಸರಿ, ಆದರೆ ಆರ್‌ಸಿಯಲ್ಲಿ ಎಚ್‌ಪಿ (ಗಾಡಿಯ ಮೇಲೆ ಸಾಲ ಇದೆ ಅನ್ನುವ ಗುರುತು) ಹಾಗೇ ಇದೆ. ಸಾಲ ತೀರಿದೆಯಂತೆ, ಫೈನಾನ್ಸಿನವರ ಎನ್‌ಒಸಿ ಕಳೆದುಹೋಗಿದೆಯಂತೆ. ಎನ್‌ಒಸಿ, ಆ ಗುರುತು ತೆಗೆಸುವ ಫಾರಂ 35 ಎರಡೂ ಕೈಗೆ ಬರದೆ ಅಡ್ವಾನ್ಸ್ ಕೊಡಬೇಡಿ. 15 ವರ್ಷ ಮುಗಿಯುತ್ತಾ ಬಂದ ಗಾಡಿಯೂ ಬೇಡ. ಬೈಕಿನ ಆರ್‌ಸಿ ರಿನ್ಯೂವಲ್ ಫೀಸು 2022ರಲ್ಲಿ 300ರಿಂದ 1000ಕ್ಕೆ ಏರಿದೆ, ಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಓಡಾಟ, ಹಸಿರು ತೆರಿಗೆ.

ಕೊನೆಗೆ ಸಿಕ್ಕಿದ್ದು ಬೇಲೂರು ರಸ್ತೆಯಲ್ಲಿ, 2015ರ ಮಾಡೆಲ್, ಒಬ್ಬರೇ ಓನರ್, ರಿಟೈರ್ ಆದ ಮೇಷ್ಟ್ರು. ಮೀಟರ್ 40 ಸಾವಿರ ಚಿಲ್ಲರೆ ತೋರಿಸುತ್ತಿತ್ತು. ನಾನು ನೋಡುವುದು ಮೀಟರನ್ನಲ್ಲ, ಬ್ರೇಕ್ ಪೆಡಲ್ಲಿನ ಸವೆತ ಮತ್ತು ಫುಟ್‌ರೆಸ್ಟ್ ರಬ್ಬರು. ಎರಡೂ ಮೀಟರಿನ ಮಾತನ್ನೇ ಹೇಳಿದವು. ಟೈರಿನ ಮೇಲೆ 2216 ಅಂತಿತ್ತು, ಅಂದರೆ 2016ರ 22ನೇ ವಾರದ್ದು. ಕಲ್ಲಾಗಿತ್ತು. ಹ್ಯಾಂಡಲ್ ತಿರುಗುವ ಬೇರಿಂಗು, ಅಂದರೆ ಕೋನ್ ಸೆಟ್ ಹೋಗಿತ್ತು, ಹ್ಯಾಂಡಲ್ ನೇರಕ್ಕೆ ಬಂದಾಗ ಕಟಕ್ ಅಂತ ಕೂರುತ್ತಿತ್ತು. ಇಂಥವೇ ನನಗೆ ಬೇಕಿದ್ದದ್ದು: ಕಡಿಮೆ ದುಡ್ಡಿಗೆ ಸರಿಯಾಗುವ, ಆದರೆ ರೇಟು ಇಳಿಸಲು ಚೆನ್ನಾಗಿ ಒದಗುವ ದೋಷಗಳು. ಫೋರ್ಕು, ಚಾಸಿ ನೇರ ಇದೆಯಾ ನೋಡಲು ಗ್ಯಾರೇಜಿನ ಭಾಯ್ ಒಂದು ದಾರದ ಉಪಾಯ ಹೇಳಿಕೊಟ್ಟಿದ್ದಾರೆ. ಅದನ್ನು ಇಲ್ಲಿ ಬರೆಯಲ್ಲ, ಅವರ ಹೊಟ್ಟೆಪಾಡು ಅದು. ಮೇಷ್ಟ್ರು 38 ಅಂದಿದ್ದರು. ಸುರಿಯುವ ಮಳೆಯಲ್ಲಿ, ಮಕ್ಕಳ ಫೀಸಿನ ತಿಂಗಳಲ್ಲಿ ಬೈಕ್ ಕೊಳ್ಳಲು ಯಾರೂ ಬರಲ್ಲ, 32ಕ್ಕೆ ಮುಗಿಯಿತು. ಕೊಯ್ಲು ಮುಗಿದು ಕೈಯಲ್ಲಿ ಕಾಸಾಡುವ ಫೆಬ್ರವರಿ, ಮಾರ್ಚ್‌ನಲ್ಲಾದರೆ ಅದೇ ಬೈಕಿಗೆ 36 ಕೇಳಿದರೂ ಕೊಡುವವರಿದ್ದಾರೆ. ಈಗ ಕೊಳ್ಳುವವರಿಗೆ ಇನ್ನೊಂದು ಅನುಕೂಲ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೇ ಬೈಕಿನ ಮಾತುಕತೆಯಲ್ಲಿ ಅದನ್ನು ಎತ್ತಿ ನೋಡಿ.

ಆಮೇಲಿನ ಖರ್ಚು ನೆನಪಿದ್ದಷ್ಟು: ಎರಡು ಟೈರು, ಟ್ಯೂಬು 3,400. ಚೈನ್ ಸ್ಪ್ರಾಕೆಟ್ 1,200. ಬ್ಯಾಟರಿ ಸಾವಿರದ ಚಿಲ್ಲರೆ. ಕೋನ್ ಸೆಟ್, ಬ್ರೇಕ್ ಶೂ, ಕ್ಲಚ್ ಕೇಬಲ್, ಆಯಿಲ್, ಮಜೂರಿ ಎಲ್ಲಾ ಸೇರಿ 2,200 ಇರಬಹುದು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎಂಟುನೂರ ಚಿಲ್ಲರೆ. ಫಾರಂ 29, 30 ಹಾಕಿ ಹೆಸರು ಬದಲಾಯಿಸಿದ್ದಕ್ಕೆ ಏಜೆಂಟ್ ಸೇರಿ ಸಾವಿರದೊಳಗೆ. ಐಎಸ್‌ಐ ಹೆಲ್ಮೆಟ್ 1,800. ಒಳ್ಳೇ ರೇನ್‌ಕೋಟ್ ತಗೊಂಡ ಮೇಲೂ ಒಂದಿಷ್ಟು ಕಾಸು ಉಳಿಯಿತು.

ಉಳಿದ ಕಾಸಿನಲ್ಲಿ ಒಂದು ಆಟ ಆಡಿದೆ. ಚೈನ್ ಎಳೆಯುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್) ಒಂದು ಹಲ್ಲು ಕಡಿಮೆಯದು ಹಾಕಿಸಿದೆ. ತೋಟದ ಏರು ಫಸ್ಟ್ ಗೇರಿನಲ್ಲಿ ಉಸಿರು ಕಟ್ಟದೆ ಹತ್ತುತ್ತೆ, ಹಾಫ್ ಕ್ಲಚ್ಚಿನ ಕೆಲಸ ಕಡಿಮೆ, ಕಲಿಯುವವರಿಗೆ ವರವೇ. ಚಿಕ್ಕಮಗಳೂರಿಗೆ ಹೋಗುವಾಗ 50 ದಾಟಿದರೆ ಎಂಜಿನ್ ಕಿರುಚುತ್ತೆ, ಮೈಲೇಜ್ 60ರಿಂದ 54ಕ್ಕೆ ಬಂತು. ಇದರಲ್ಲಿ ಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುವುದರಿಂದ ಸ್ಪೀಡ್ ತಪ್ಪು ತೋರಿಸಲ್ಲ. ಕೈ ಪಳಗಿದ ಮೇಲೆ ಹಳೇದನ್ನೇ ಹಾಕಿಸಿದೆ. ಚೈನಿಗೆ ಸ್ಪ್ರೇ, ಸುಟ್ಟ ಆಯಿಲ್, 90 ನಂಬರ್ ಗೇರ್ ಆಯಿಲ್ ಮೂರನ್ನೂ ನೋಡಿದ್ದಾಯಿತು. ನಮ್ಮ ಮಳೆಗೆ 90 ನಂಬರೇ ಸರಿ, ವಾರಕ್ಕೊಮ್ಮೆ, ರಾತ್ರಿ ಹಚ್ಚಿ ಬೆಳಿಗ್ಗೆ ಒರೆಸಬೇಕು.

ನನ್ನ ಬೈಕಿನದು ಡ್ರಮ್ ಬ್ರೇಕು, ಅದರ ಬಗ್ಗೆ ಕೇಳುತ್ತಾರೆ. ನೀರು ದಾಟಿದ ತಕ್ಷಣ ಹಿಡಿಯಲ್ಲ, ನಿಜ. ಸ್ವಲ್ಪ ದೂರ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಹೋದರೆ ಶೂ ಒಣಗುತ್ತೆ. ಪಾಚಿ ಕಟ್ಟಿದ ಕಾಂಕ್ರೀಟಿನಲ್ಲಿ ಮಾತ್ರ ಯಾವ ಬ್ರೇಕೂ ಮುಟ್ಟಬೇಡಿ, ಗೇರ್ ಇಳಿಸಿಕೊಳ್ಳಿ.

ಗಂಬೂಟು ಈ ಲೆಕ್ಕದಲ್ಲಿ ಸೇರಿಲ್ಲ. ಅದು ತೋಟದವರೇ ಕೊಟ್ಟದ್ದು.