ಭೋಸರಿಯಲ್ಲಿ ಕಾಂಟ್ರಾಕ್ಟ್ ಹುಡುಗರನ್ನೂ ಉಳಿಸಿಕೊಂಡದ್ದು: ನನ್ನ ಅನುಭವ

2019ರ ಹಿಂಜರಿತದಲ್ಲಿ ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೊದಲು ನಿಂತದ್ದು ಮೂರನೇ ಶಿಫ್ಟ್. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಹೊಸ ಮಿತಿ, ಬಿಎಸ್-6, ಬರುವುದಿತ್ತು. ವಾಹನ ಕಂಪನಿಗಳು ಬಿಎಸ್-4 ಮಾಲು ಖಾಲಿ ಮಾಡುವುದರಲ್ಲೇ ಇದ್ದವು. ಅವರಿಗೆ ಬಿಡಿಭಾಗ ಮಾಡಿಕೊಡುವ ನನ್ನ ಶೆಡ್‌ಗೆ ಬರುವ ತಿಂಗಳ ಆರ್ಡರ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು.

ನಮ್ಮಲ್ಲಿ ಸುಮಾರು 70 ಜನ, ಅದರಲ್ಲಿ 20ರಷ್ಟು ಠೇಕೇದಾರನ ಮೂಲಕ ಬಂದ ಕಾಂಟ್ರಾಕ್ಟ್‌ನವರು. ನೂರರೊಳಗೆ ಜನ ಇದ್ದರೆ ತೆಗೆಯಲು ಸರ್ಕಾರದ ಅನುಮತಿ ಬೇಕಿರಲಿಲ್ಲ. ಪಕ್ಕದ ಶೆಡ್‌ನವರಿಂದ ಸಿಎವರೆಗೆ ಎಲ್ಲರದೂ ಒಂದೇ ಮಾತು: ಕಾಂಟ್ರಾಕ್ಟ್‌ನವರಿಗೆ ಬ್ರೇಕ್ ಕೊಡಿ, ಅಂದರೆ ಕೆಲಸದಿಂದ ಬಿಡಿಸಿ, ಅದನ್ನು ಯಾರೂ ಕೇಳುವುದಿಲ್ಲ. ಆಳಂದ, ಬಸವಕಲ್ಯಾಣದ ಈ ಹುಡುಗರು ನಾಲ್ಕೈದು ವರ್ಷ ಪರ್ಮನೆಂಟ್‌ನವರ ಪಕ್ಕದಲ್ಲೇ ನಿಂತು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ನೋಡಿಕೊಂಡವರು. ಅವರನ್ನು ಸದ್ದಿಲ್ಲದೆ ಊರಿಗೆ ಕಳಿಸಿ ‘ನಾವು ಯಾರನ್ನೂ ತೆಗೆಯಲಿಲ್ಲ’ ಎಂದರೆ ಅದು ಶುದ್ಧ ಸುಳ್ಳು.

ತಿಂಗಳ ಪಗಾರ 15 ಲಕ್ಷದ ಆಸುಪಾಸು. ಅದರಲ್ಲಿ ಐದು ಲಕ್ಷ ಇಳಿಯಬೇಕಿತ್ತು. ಓಟಿ ಬಂದ್ ಮಾಡಿದ್ದಕ್ಕೇ ಒಂದೂವರೆ ಲಕ್ಷ ಉಳಿಯಿತು. ನನ್ನದು ಅರ್ಧ, ಮ್ಯಾನೇಜರ್‌ಗಳದು ಕಾಲುಭಾಗ ಕಡಿತ. ಉಳಿದದ್ದಕ್ಕೆ ಸರದಿಯಂತೆ ವಾರಕ್ಕೆ ಎರಡು ದಿನ ಲೇ-ಆಫ್, ಅಂದರೆ ನೌಕರಿ ಉಳಿಸಿ ಆ ದಿನ ಕೆಲಸವಿಲ್ಲದೆ ಮನೆಯಲ್ಲಿರುವುದು. ಆಗಿನ ಕೈಗಾರಿಕಾ ವಿವಾದ ಕಾಯ್ದೆಯ 25ಸಿ ಕಲಮಿನ ಪ್ರಕಾರ ಬೇಸಿಕ್, ಡಿಎ ಸೇರಿಸಿ ಅರ್ಧ ಕೊಡಬೇಕಿತ್ತಲ್ಲ, ಅದನ್ನೇ ಕಾಂಟ್ರಾಕ್ಟ್‌ನವರಿಗೂ ಕೊಟ್ಟೆ. ಆ ದಿನಗಳಿಗೂ ಕಮಿಷನ್ ಬೇಕೆಂದು ಠೇಕೇದಾರ ಜಗಳ ತೆಗೆದ. ಕೊನೆಗೆ ಅವನನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯಲಾರೆ. ವಿದ್ಯುತ್ ಕಂಪನಿ ಮಹಾವಿತರಣದಲ್ಲಿ ನಮಗೆ ಕಾದಿರಿಸಿದ ವಿದ್ಯುತ್ ಬೇಡಿಕೆಯನ್ನು (ಕಾಂಟ್ರಾಕ್ಟ್ ಡಿಮಾಂಡ್) ಇಳಿಸಿ ನಾಲ್ಕು ಜನರ ಪಗಾರದಷ್ಟು ಉಳಿಸಿದೆ.

ಎಲ್ಲವೂ ಕೈ ಹಿಡಿಯಲಿಲ್ಲ. ಕೊಲ್ಹಾಪುರದ ಪಂಪ್‌ನವರಿಗೆ ಬುಶ್ ಮಾಡಿಕೊಟ್ಟೆವು, ರೇಟ್ ಗಿಟ್ಟಲಿಲ್ಲ; ಒಂದೂವರೆ ಲಕ್ಷವಾದರೂ ಹೋಗಿರಬೇಕು. ಮಷಿನ್ ಹೊಂದಿಸುವ ಇಬ್ಬರು ಸೆಟ್ಟರ್‌ಗಳನ್ನು ಚಾಕಣದ ಒಂದು ಶೆಡ್‌ಗೆ ಎರವಲು ಕಳಿಸಿದರೆ ಅವರು ಅಲ್ಲೇ ಇಟ್ಟುಕೊಳ್ಳಲು ನೋಡಿದರು.

ಲೇ-ಆಫ್ ಪಟ್ಟಿ ಹಚ್ಚಿದ ದಿನ ಆಳಂದದ ಹುಡುಗನೊಬ್ಬ ತನ್ನ ಹೆಸರಿನ ಮೇಲೆ ಬೆರಳಿಟ್ಟು ಕೇಳಿದ: “ಸಾಹೇಬ್ರ, ಪಟ್ಟಿಯೊಳಗ ನಮ್ಮ ಹೆಸರೂ ಬರದೀರೇನ್ರೀ?” ಅದುವರೆಗೆ ಅವನ ಹೆಸರು ನಮ್ಮ ನೋಟಿಸ್ ಬೋರ್ಡ್ ಮೇಲೆ ಒಮ್ಮೆಯೂ ಬಂದಿರಲಿಲ್ಲ.

ಐದಾರು ಜನ ತಾವಾಗಿಯೇ ಬಿಟ್ಟರು. ಕಾನೂನಿನಲ್ಲಿ ಮಾಲೀಕನೇ ತೆಗೆದರೆ ಪರಿಹಾರ ಸರ್ವಿಸ್‌ನ ವರ್ಷಕ್ಕೆ 15 ದಿನದ ಪಗಾರ. ಇವರು ತಾವಾಗಿ ಬಿಟ್ಟರೂ ನಾನು ವರ್ಷಕ್ಕೆ ತಿಂಗಳ ಪಗಾರದ ಲೆಕ್ಕ ಹಿಡಿದೆ. ಗ್ರಾಚುಟಿ, ರಜೆ, ನೋಟಿಸ್ ಹಣ ಎಲ್ಲ ಬೇರೆಬೇರೆ ಸಾಲಿನಲ್ಲಿ ಕನ್ನಡ-ಮರಾಠಿ ಎರಡರಲ್ಲೂ ಕೈಯಾರೆ ಬರೆದು, ಎದುರು ಕೂರಿಸಿಕೊಂಡು ಓದಿ ಹೇಳಿ, ಆಮೇಲೆ ಸಹಿ ಹಾಕಿಸಿದೆ. ಈ ಕೆಲಸವನ್ನು ಎಚ್‌ಆರ್ ಹುಡುಗಿಯ ಮೇಲೆ ಹಾಕಬೇಡಿ. ಬೋಲ್ಟ್ ತಿರುಗಿಸಿದವನಿಗೆ ಮಾಲೀಕನೇ ಹೇಳಬೇಕು.

ಲಾಕ್‌ಡೌನ್ ಮುಗಿದು 2020ರ ದಸರೆ ಹೊತ್ತಿಗೆ ಬಿಎಸ್-6 ಆರ್ಡರ್ ನುಗ್ಗಿದಾಗ ಸುತ್ತಲಿನ ಶೆಡ್‌ಗಳಲ್ಲಿ ಸೆಟ್ಟರ್‌ಗಳೇ ಇರಲಿಲ್ಲ. ನಮ್ಮಲ್ಲಿ ಇದ್ದರು, ತಿರಸ್ಕೃತ ಮಾಲು (ರಿಜೆಕ್ಷನ್) ಶೇಕಡಾ ಎರಡು ದಾಟಲಿಲ್ಲ. ‘ಮುಳುಗುತ್ತೀರಿ’ ಎಂದ ಸಿಎಯೇ ಈಗ ತನ್ನ ಬೇರೆ ಗಿರಾಕಿಗಳನ್ನು ನನ್ನ ಬಳಿ ಕಳಿಸುತ್ತಾನೆ. ಬಿಟ್ಟುಹೋದವರಲ್ಲಿ ಮೂವರನ್ನು ಹಳೆಯ ಸರ್ವಿಸ್ ಹಿಡಿದೇ ಕರೆದುಕೊಂಡೆ. ಕಾಂಟ್ರಾಕ್ಟ್‌ನಲ್ಲಿದ್ದ ಎಂಟು-ಒಂಬತ್ತು ಹುಡುಗರು ಈಗ ನಮ್ಮದೇ ಹಾಜರಿ ಪುಸ್ತಕದಲ್ಲಿದ್ದಾರೆ. ಉಳಿದವರದು ಬಾಕಿ ಇದೆ, ಮಾಡುತ್ತೇನೆ.